ಕತ್ತರಿ ಕಾಣದ ಕಿವಿ

ಎರಡು ಸಾವಿರದ ಎರಡನೆಯ ಇಸವಿ, ಮಾರ್ಚ್ ಹನ್ನೆರಡು, ಮಂಗಳವಾರ. ಚಳಿ ಹಿಂದೆ ಸರಿಯುತ್ತಿದ್ದ ದಿನಗಳು. ಬೆಳಗಿನ ಹತ್ತು ಗಂಟೆಗೆ ನೆಕ್ಕಾರ್ ಹೊಳೆಯ ಮೇಲಿನ ಮಂಜು ಕರಗಿ, ಹೈಡೆಲ್‌ಬರ್ಗಿನ ಆ ಚಿಕ್ಕ ಆಸ್ಪತ್ರೆಯ ಕಿಟಕಿಗೆ ಬಿಸಿಲು ಬಂದಿತ್ತು. ಬಿಸಿಲಿಗೆ ಮುಖ ಮಾಡಿ ಕುಳಿತಿದ್ದ ಹುಡುಗಿಯ ಮೂಗುತಿಗೆ ನಾನು ಚಿಮಟ ಹಿಡಿದಿದ್ದೆ.

"ಮೂರು ದಿನದಿಂದ ತಿರುಗಿಸಿ ತಿರುಗಿಸಿ ಸಾಕಾಯಿತು ಮಾರಾಯ್ರೆ," ಎಂದಳು ನರ್ಸ್ ಹಿಲ್ಡಾ. ಮಂಗಳೂರಿನವಳು, ಜರ್ಮನಿಗೆ ಬಂದು ಮೂವತ್ತು ವರ್ಷ. "ಎಣ್ಣೆ ಹಾಕಿದೆ, ಐಸ್ ಇಟ್ಟೆ. ಬರುವುದೇ ಇಲ್ಲ ಅದು. ಇನ್ನು ಕಟ್ ಮಾಡುವುದೇ ಅಜ್ಜ."

"ಕಟ್ ಮಾಡಬ್ಯಾಡ್ರಿ," ಎಂದಳು ಹುಡುಗಿ, ಮೂಗಿನಿಂದ ಉಸಿರು ಬಾರದೆ ಬಾಯಿಂದಲೇ ಉಸಿರೆಳೆದು.

ಅವಳ ಹೆಸರು ಪ್ರೇಮಕುಮಾರಿ. ಗದಗಿನವಳು. ಜರ್ಮನ್ ಸರಕಾರ ಕಂಪ್ಯೂಟರಿನವರಿಗೆ ಕೊಡುವ ಗ್ರೀನ್ ಕಾರ್ಡಿನ ಮೇಲೆ ಬಂದು ವಾಲ್‌ಡಾರ್ಫಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಗುರುವಾರ ಅವಳ ಮೂಗಿಗೆ ಮೂರನೆಯ ಶಸ್ತ್ರಕ್ರಿಯೆ. ಮಾಡುವವಳು ನನ್ನ ಮಗಳು ಅನಸೂಯ. ಮೂಗುತಿ ಬಿಚ್ಚದೆ ಏನೂ ನಡೆಯುವಂತಿಲ್ಲ, ಅದಕ್ಕೇ ಮಗಳ ಮನೆಗೆ ಬಂದಿದ್ದ ಅಕ್ಕಸಾಲಿಗನಾದ ನನಗೆ ಕರೆ ಬಂದಿತ್ತು.

ಅಲ್ಲಿಗೆ ಬರಲು ನನಗೆ ಇನ್ನೊಂದು ಕಾರಣವೂ ಇತ್ತು. ಹೋದ ವಾರ ಪ್ರೇಮಕುಮಾರಿಯ ಹಳೆಯ ಕಾಗದಗಳಲ್ಲಿ ಒಂದು ಹಾಳೆ ಕಾಣೆಯಾದದ್ದು ತಿಳಿದು, ಆಸ್ಪತ್ರೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವಂತಾಗಿತ್ತು.

ಅನಸೂಯ ಮೇಜಿನ ಮೇಲೆ ಮೂಗಿನ ಚಿತ್ರ ಬರೆದು ತೋರಿಸುತ್ತಿದ್ದಳು.

"ಸ್ಕೂಟರಿಂದ ಬಿದ್ದಾಗ ಮೂಗಿನ ನಡುಗ್ವಾಡಿ ತಗದು ಮ್ಯಾಲ ಕೂಡಿಸ್ಯಾರ. ಸಪಾಟ, ನೆಟ್ಟಗ, ಅದರಷ್ಟು ಛಲೋ ಸಾಮಾನು ಇನ್ನೊಂದಿಲ್ಲ. ಆದ್ರ ಅದು ಮುಗೀತು. ಎರಡನೇ ಸಲ ಎಡಗಿವಿ ಬಟ್ಟಲದಾಗಿಂದ ಮೆದು ಎಲುಬು ತಗದಾರ ಅಂತ ಕಾಗದದಾಗ ಐತಿ. ಅದೂ ಮುಗೀತು."

"ಬಲಗಿವಿ ಐತಲ್ರಿ ಡಾಕ್ಟರ?"

"ಒಂದ ಕಿವಿ ಸಾಲಂಗಿಲ್ಲ. ನಿನ್ನ ಮೂಗಿನ ದಿಂಡ ಕುಸದೈತಿ."

"ಸಿಲಿಕಾನು? ನಮ್ಮ ಆಫೀಸಿನಾಗ ಒಬ್ಬಾಕಿ ಹಾಕಿಸ್ಯಾಳ, ಗೊಂಬಿ ಹಂಗ ಕಾಣ್ತಾಳ."

"ಆಕಿದು ಹೊಸಾ ಚರ್ಮ. ನಿಂದು ಎರಡು ಸಲ ಬಿಚ್ಚಿ ಹೊಲದದ್ದು, ತೆಳ್ಳಗಾಗೈತಿ. ಹೊರಗಿನ ಸಾಮಾನು ಇಟ್ರ ಒಂದಿನ ಚರ್ಮ ಹರಕೊಂಡು ಹೊರಗ ಬರ್ತೈತಿ. ನಾ ಇಡಂಗಿಲ್ಲ."

"ಬ್ಯಾಂಕಿನಾಗ ಸಿಗ್ತೈತಿ ಅಂದಿದ್ರಲ್ಲ?"

"ಸತ್ತವರು ದಾನ ಕೊಟ್ಟ ಪಕ್ಕೆಲುಬು. ಶುದ್ಧ ಮಾಡಿರ್ತಾರ, ತಪ್ಪೇನಿಲ್ಲ. ವಯಸ್ಸಾದವರಿಗೆ ನಾನೂ ಇಡ್ತೀನಿ. ನಿನಗಿನ್ನೂ ಇಪ್ಪತ್ತೆಂಟು. ಹತ್ತು ವರ್ಷಕ್ಕ ಅದು ಕರಗಿದ್ರ?"

"ಅಂದ್ರ ನನ್ನ ಪಕ್ಕೆಲುಬ ಅನ್ರಿ."

"ಹೂಂ. ಗಟ್ಟಿ ಇರ್ತೈತಿ, ಬೇಕಾದಷ್ಟು ಸಿಗ್ತೈತಿ. ಎದಿ ಮ್ಯಾಲ ಒಂದು ಗಾಯ ಆಗ್ತೈತಿ. ಹಸಿ ಕಟಗಿ ಹಂಗ ಮುಂದ ಸೊಟ್ಟಾದೀತು ಅನ್ನೋ ಅಂಜಿಕಿ ಇರ್ತೈತಿ, ಅದಕ್ಕ ನಡುವಿನ ತಿರುಳಷ್ಟ ಕೆತ್ತಿ ತಗೀತೀನಿ." ಅನಸೂಯ ಪೆನ್ನು ಕೆಳಗಿಟ್ಟಳು. "ಆದ್ರ ಇದ ಕಡೀ ಸಲ ತಂಗಿ. ನಾಲ್ಕನೇ ಸಲಕ್ಕ ಈ ಚರ್ಮ ಒಪ್ಪಂಗಿಲ್ಲ. ತಪ್ಪಿದ್ರ ಮೂಗ ಉಳಿಯಂಗಿಲ್ಲ."

ಹುಡುಗಿ ತಲೆಯಾಡಿಸಿದಳು. ಏಳು ತಿಂಗಳಿಂದ ಅವಳು ದಿಂಬಿಗೊರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು.

ನಮ್ಮ ಕಸುಬಿನಲ್ಲೂ ಹೀಗೆಯೇ. ಎರಡು ಸಲ ಬೆಸುಗೆ ಬಿಟ್ಟ ಒಡವೆ ಮೂರನೆಯ ಸಲ ಕೈಗೆ ಬಂದರೆ, ಹಿಂದಿನವನು ಒಳಗೆ ಏನು ತುಂಬಿದ್ದಾನೆಂದು ತಿಳಿಯದೆ ಬೆಂಕಿ ತೋರಿಸುತ್ತಿರಲಿಲ್ಲ. ಒಳಗೆ ಅರಗು ತುಂಬಿದ್ದರೆ ಸಿಡಿಯುತ್ತದೆ.

ಚಿಮಟದಿಂದ ತಿರುಪನ್ನು ಎಡಕ್ಕೆ ತಿರುಗಿಸಿದೆ. ಅಲುಗಲಿಲ್ಲ. ಮತ್ತೊಮ್ಮೆ ನೋಡಿದೆ. ಮನಸ್ಸಿಗೆ ಏನೋ ಹೊಳೆಯಿತು. ಬಲಕ್ಕೆ ತಿರುಗಿಸಿದೆ. ಬೆಣ್ಣೆಯಿಂದ ಕೂದಲು ಎಳೆದಂತೆ ಬಂತು.

"ಅಯ್ಯೋ ದೇವರೇ!" ಎಂದು ಹಿಲ್ಡಾ ಹಣೆ ಬಡಿದುಕೊಂಡಳು. "ಮೂರು ದಿನ ನಾನು ಬಿಗಿ ಮಾಡಿದ್ದಾ ಹಾಗಾದರೆ?"

"ಮುಖಾ ತೊಳಿಯೋವಾಗ ಬಿಚ್ಚಿ ಬೀಳಬಾರದು ಅಂತ ಎಡತಿರುಪು ಹಾಕೋ ರೂಢಿ ಐತ್ರಿ. ಗದಗಿನಾಗ ಹಂಗ ಹಾಕಾಂವ ಒಬ್ಬನ."

"ಯಾರು ಅಜ್ಜ?"

"ನಾನ."

ಮೂಗುತಿಯನ್ನು ಬೆಳಕಿಗೆ ಹಿಡಿದೆ. ನಡುವೆ ಕೆಂಪು ಹರಳು, ಸುತ್ತ ಆರು ಮುತ್ತಿನಂಥ ಗುಂಡು. ನನ್ನ ಕೈಯದೇ. ತೊಂಬತ್ತೊಂಬತ್ತರ ಶ್ರಾವಣದಲ್ಲಿ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದು, ಕಿವಿಯ ಮೇಲ್ತುದಿಗೆ ಹಾಕುವ ತನ್ನ ಎರಡು ಬುಗುಡಿ ಬಿಚ್ಚಿಕೊಟ್ಟು, ಕರಗಿಸಿ ಒಂದು ಮೂಗುತಿ ಮಾಡಿಕೊಡು ಎಂದಿದ್ದಳು. ಇಷ್ಟನ್ನು ಅಲ್ಲಿದ್ದ ಮೂವರಿಗೂ ಹೇಳಿದೆ.

"ಯಾರಜ್ಜಾರ ಆಕಿ?" ಪ್ರೇಮಕುಮಾರಿ ಕೇಳಿದಳು. "ನನ್ನ ಮದುವ್ಯಾಗ ಇದು ಕುಂಕುಮದ ಪೊಟ್ಟಣದಾಗ ಬಂದದ್ದು. ಹೆಸರಿದ್ದಿಲ್ಲ. ನಮ್ಮನಿಯವರ ಕೈಯಾಗ ಯಾರೋ ಕೊಟ್ಟು ಹೋಗಿದ್ರಂತ."

"ಹೆಸರು ಕೇಳಿರಲಿಲ್ಲ ಯವ್ವಾ."

ಆ ಹೆಂಗಸಿನ ಬಗ್ಗೆ ಇನ್ನೊಂದು ಮಾತೂ ನೆನಪಿಗೆ ಬಂದಿತ್ತು. ಅದನ್ನು ಬಾಯಿಂದ ಹೊರಗೆ ಬಿಡಲಿಲ್ಲ. ಏಕೆಂದರೆ ಅಷ್ಟರಲ್ಲಿ ನನ್ನ ಎಡಗೈಗೆ ಬೇರೊಂದು ಸಂಗತಿ ತಿಳಿದಿತ್ತು.

ಚಿಮಟ ಹಿಡಿಯುವಾಗ ತಲೆ ಅಲುಗದಿರಲೆಂದು ಎದುರಿನವರ ಕಿವಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಹಿಡಿಯುವುದು ನಮ್ಮ ಅಭ್ಯಾಸ. ಪ್ರೇಮಕುಮಾರಿಯ ಎಡಗಿವಿ ನನ್ನ ಬೆರಳಲ್ಲಿತ್ತು. ಬಟ್ಟಲನ್ನು ಮಡಿಸಿ ಬಿಟ್ಟೆ. ಚಿಮ್ಮಿ ನಿಂತಿತು. ಹಿಂದೆ ಬೆರಳಾಡಿಸಿದೆ. ನುಣುಪು.

"ಅನಸೂಯಾ, ಈ ಕಿವಿ ಕತ್ತರಿ ಕಂಡಿಲ್ಲ."

"ಏನಂದಿ ಅಪ್ಪಾ?"

"ಬಾ, ಮುಟ್ಟಿ ನೋಡು."

ಮಗಳು ದೀಪ ತಂದಳು, ಕನ್ನಡಕ ಹಾಕಿಕೊಂಡಳು, ಹಿಂದೆ ಮುಂದೆ ನೋಡಿದಳು. ಬಲಗಿವಿಯನ್ನೂ ನೋಡಿದಳು. ಆಮೇಲೆ ಮೆಲ್ಲಗೆ ಕುಳಿತಳು.

"ಬಟ್ಟಲ ಪೂರಾ ಐತಿ. ಹೊಲಿಗಿ ಗುರುತಿಲ್ಲ. ನಾ ಕಾಗದ ನಂಬಿ ಕಿವಿ ನೋಡಲೇ ಇಲ್ಲಲ್ಲ ಅಪ್ಪಾ!"

"ಆವಾಗ ತಲಿಗೆಲ್ಲ ಪಟ್ಟಿ ಸುತ್ತಿದ್ರು, ಕಿವಿ ಕೊಯ್ದಾರ ಅಂತನ ನಾ ತಿಳದಿದ್ದೆ. ಹಂಗಾರ ನನ್ನ ಮೂಗಿನ್ಯಾಗ ಇರೋದೇನು?" ಪ್ರೇಮಕುಮಾರಿಯ ಕೈ ತಾನಾಗಿ ಮೂಗಿಗೆ ಹೋಯಿತು.

"ಸಿಲಿಕಾನು ಇದ್ರ ಸ್ಕ್ಯಾನಿನಾಗ ಗೊತ್ತಾಗ್ತಿತ್ತು. ಮೆದು ಎಲುಬಿನ ಚೂರ ಕಂಡಾವ. ನಿನ್ನ ಎದಿ ಮ್ಯಾಲ ಗಾಯ ಇಲ್ಲ, ಅಂದ್ರ ನಿನ್ನ ಪಕ್ಕೆಲುಬಲ್ಲ. ಯಾರದು ಅಂತ ಸ್ಕ್ಯಾನ್ ಹೇಳಂಗಿಲ್ಲ." ಅನಸೂಯ ಎದ್ದಳು. "ಏನೈತಿ ಅಂತ ತಿಳೀದ ನಾ ಬಿಚ್ಚಂಗಿಲ್ಲ. ನಾಳೆ ಸಂಜಿತನ ನೋಡ್ತೀನಿ. ಆಮ್ಯಾಲ ಗುರುವಾರದ ಟೆರ್ಮೀನ್ ಕ್ಯಾನ್ಸಲ್."

ಆ ಟೆರ್ಮೀನ್, ಅಂದರೆ ಶಸ್ತ್ರಕ್ರಿಯೆಗೆ ಗೊತ್ತುಮಾಡಿದ ದಿನ, ಸಿಗಲು ಹುಡುಗಿ ನಾಲ್ಕು ತಿಂಗಳು ಕಾದಿದ್ದಳು. ಎರಡನೆಯ ಶಸ್ತ್ರಕ್ರಿಯೆ ಮಾಡಿದ ಊರಿನ ನರ್ಸಿಂಗ್ ಹೋಮಿಗೆ ಫೋನ್ ಮಾಡೋಣವೆಂದರೆ ಅದು ಮುಚ್ಚಿ ಎರಡು ವರ್ಷ. ಉಳಿದದ್ದು ಕಾಣೆಯಾದ ಹಾಳೆಯೊಂದೇ.

"ಹಿಲ್ಡಾ ಬಾಯಿ, ಆ ಫೈಲು ಒಮ್ಮೆ ತೋರಸ್ತೀರೇನು?"

"ಎಂತ ಅಜ್ಜ, ನನ್ನ ಮೇಲೆಯೇ ಸಂಶಯವಾ? ಬೀಗದ ಕೈ ನನ್ನ ಹತ್ತಿರವೇ ಉಂಟು, ಹೌದು. ಹಾಗಂತ ನಾನು ಹಾಳೆ ತಿಂದೆನಾ? ನನಗೆ ಮಧ್ಯಾಹ್ನ ಅನ್ನವೇ ಸೇರುವುದಿಲ್ಲ."

ಬೈಯುತ್ತಲೇ ಫೈಲು ತಂದಿಟ್ಟಳು. ಅಕ್ಷರ ತಿಳಿಯದಿದ್ದರೂ ಅಂಕಿ ಯಾವ ಭಾಷೆಯಲ್ಲೂ ಅಂಕಿಯೇ. ಪ್ರತಿ ಹಾಳೆಯ ತಲೆಯಲ್ಲಿ ನರ್ಸಿಂಗ್ ಹೋಮಿನವರು ಅಚ್ಚು ಹಾಕಿದ ಅಂಕಿ: ಹನ್ನೆರಡರಲ್ಲಿ ಒಂದು, ಹನ್ನೆರಡರಲ್ಲಿ ಎರಡು. ಏಳು ಇರಲಿಲ್ಲ. ಕೆಳಗಿನ ಮೂಲೆಯಲ್ಲಿ ಸೀಸದಕಡ್ಡಿಯಿಂದ ಬರೆದ ಸಣ್ಣ ಅಂಕಿಗಳೂ ಇದ್ದವು.

"ಇವು ಯಾರ ಅಕ್ಷರ?"

"ನನ್ನದು. ಕಾಗದ ಕೈಗೆ ಬಂದ ಕೂಡಲೇ, ಅವರು ಎದುರಿಗೆ ಇರುವಾಗಲೇ ಎಣಿಸಿ ನಂಬರ್ ಹಾಕುವುದು. ಮೂವತ್ತು ವರ್ಷದ ಕ್ರಮ."

ಸೀಸದ ಅಂಕಿ ಒಂದರಿಂದ ಹನ್ನೊಂದರವರೆಗೆ ಎಲ್ಲೂ ತಪ್ಪಿರಲಿಲ್ಲ. ಅಚ್ಚಿನ ಆರರ ಕೆಳಗೆ ಹಿಲ್ಡಾಳ ಆರು. ಅಚ್ಚಿನ ಎಂಟರ ಕೆಳಗೆ ಹಿಲ್ಡಾಳ ಏಳು.

"ನಿಮ್ಮ ಕೈಗೆ ಬರೂ ಮೊದಲ ಹಾಳಿ ಹೋಗೈತಿ ಬಾಯಿ. ನೀವು ಪಾರಾದ್ರಿ."

"ಮೊದಲೇ ಹೇಳಿದೆನಲ್ಲ!" ಎಂದಳು ಹಿಲ್ಡಾ. ಒಂದು ಚಾಕಲೇಟ್ ತಂದು ನನ್ನ ಅಂಗೈಯಲ್ಲಿಟ್ಟಳು.

"ಫೈಲು ಇಲ್ಲಿಗೆ ತಂದವರು ಯಾರು?"

ಪ್ರೇಮಕುಮಾರಿ ತಗ್ಗಿದ ದನಿಯಲ್ಲಿ, "ನಮ್ಮನಿಯವರು," ಎಂದಳು.

ಅವಳ ಗಂಡ ಪ್ರಭಂಜನ. ಆಗ ಕೆಲಸದ ಮೇಲೆ ಇಂಗೋಲ್‌ಸ್ಟಾಟಿಗೆ ಹೋಗಿದ್ದ, ಬರುವುದು ಮರುದಿನ ಸಂಜೆ. ಅವನು ಬರುವವರೆಗೆ ಕಿವಿಯ ವಿಷಯ, ಮೂಗುತಿಯ ವಿಷಯ ಯಾರಿಗೂ ಹೇಳಬೇಡಿರೆಂದು ಮೂವರಿಂದಲೂ ಮಾತು ತೆಗೆದುಕೊಂಡೆ. ಪ್ರೇಮಕುಮಾರಿಯನ್ನು ಅನಸೂಯ ನಮ್ಮ ಮನೆಗೇ ಕರೆತಂದಳು.

ಬುಧವಾರ ಸಂಜೆ ಐದಕ್ಕೆ ಪ್ರಭಂಜನ ನೆಟ್ಟಗೆ ಕಾರಿನಲ್ಲಿ ಅಲ್ಲಿಗೇ ಬಂದ. ಅನಸೂಯ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಪ್ರೇಮಕುಮಾರಿ ಒಳಗೆ ದಿಂಬಿಗೊರಗಿದ್ದಳು. ನಾನು ಅಡಿಗೆಮನೆಯ ಮೇಜಿನ ಮೇಲೆ, ಊರಿಂದ ತಂದ ಅಂಟುವಾಳದ ನೊರೆಯಲ್ಲಿ ಮೂಗುತಿ ತೊಳೆಯುತ್ತಿದ್ದೆ.

"ಏನ್ರಿ ಅಜ್ಜಾರ, ಜರ್ಮನಿಗೆ ಬಂದು ಅಂಗಡಿ ತಗದ್ರೇನು?"

"ಗಿರಾಕಿ ಬಂದಾಂಗಾತು. ಕೂಡು ತಮ್ಮಾ. ಚಾ ಕುಡಿ."

ಕುಳಿತ. ಬಟ್ಟಲಲ್ಲಿನ ಮೂಗುತಿ ನೋಡಿದ. ಕಪ್ಪು ಬಾಯಿಗೆ ಹೋಗಲಿಲ್ಲ.

"ಇದು ಯಾರು ಕೊಟ್ಟದ್ದು?" ನಾನು ಕೇಳಿದೆ.

"ಮದುವಿಗೆ ಬಂದದ್ರಿ. ಯಾರೋ ಕೊಟ್ರು, ಆಕಿಗೆ ಒಯ್ದು ಕೊಟ್ಟೆ. ಮದುವಿ ಗದ್ದಲದಾಗ ಯಾರಿಗೆ ನೆನಪಿರ್ತದ?"

"ನನಗ ಐತಿ," ಎಂದೆ. "ಶ್ರಾವಣ ಸೋಮವಾರ. ತಲಿ ತುಂಬ ಸೆರಗ ಹೊದ್ದ ಹೆಣ್ಮಗಳು. ಬಲಗಿವಿ ಬುಗುಡಿ ತಾನ ಬಿಚ್ಚಿದ್ಲು. ಎಡಗಿವಿದು ಬಿಚ್ಚಾಕ ಆಗಲಿಲ್ಲ, ನೋವು. ನಾನ ಬಿಚ್ಚಿದೆ. ಆ ಕಿವಿ ಬಟ್ಟಲ ತೊಯ್ದ ಅರಿವಿ ಹಂಗ ಮೆತ್ತಗಿತ್ತು ತಮ್ಮಾ. ಹಿಂದ ಹೊಲಿಗಿ ಗುರುತು ಇನ್ನೂ ಕೆಂಪಗಿತ್ತು. ಏನಾತವ್ವ ಅಂತ ಕೇಳಿದ್ರ ನಕ್ಕು ಸೆರಗ ಎಳಕೊಂಡ್ಲು."

ಅವನು ಕಪ್ಪು ಕೆಳಗಿಟ್ಟ. ಚಹದ ಮೇಲೆ ಕೆನೆ ಕಟ್ಟಿತು.

"ಐವತ್ತು ವರ್ಷ ಕಿವಿ ಮುಟ್ಟೀನಿ. ಅಂಥಾ ಕಿವಿ ಅದೊಂದ. ನಿನ್ನ ಹೇಣ್ತಿ ಎಡಗಿವಿ ಕೊಯ್ದಾರ ಅಂತ ಕಾಗದ ಹೇಳ್ತೈತಿ, ಆಕಿ ಕಿವಿ ಪೂರಾ ಐತಿ. ಹನ್ನೆರಡರಾಗಿನ ಏಳನೇ ಹಾಳಿ ಆಸ್ಪತ್ರಿಗೆ ಬಂದ ಇಲ್ಲ. ತಂದಾಂವ ನೀ."

"ಅಜ್ಜಾರ..."

"ಏಳು ತಿಂಗಳಾತು ಆಕಿ ನೆಲಕ್ಕ ಬೆನ್ನ ಹಚ್ಚಿ ಮಲಗಿ. ಇದು ಕಡೀ ಸಲ ಅಂತ ಡಾಕ್ಟರು ಹೇಳ್ಯಾರ. ಒಳಗ ಏನೈತಿ ಅನ್ನೋದು ನಿನಗೊಬ್ಬನಿಗ ಗೊತ್ತೈತಿ."

ಪ್ರಭಂಜನ ಚೀಲದಿಂದ ಪಾಸ್‌ಪೋರ್ಟು, ಗ್ರೀನ್ ಕಾರ್ಡಿನ ಕಾಗದಗಳಿದ್ದ ಹಸಿರು ಫೋಲ್ಡರು ತೆಗೆದ. ಎಲ್ಲದರ ಹಿಂದಿನಿಂದ, ನಾಲ್ಕು ಮಡಿಕೆಯಾದ ಒಂದು ಹಾಳೆ ಹೊರಗೆ ಬಂತು.

"ಹರದು ಒಗೀಲಿಕ್ಕೆ ಮನಸ್ಸಾಗಲಿಲ್ರಿ. ಉಳಿದ ಹಾಳ್ಯಾಗೆಲ್ಲ ಎಡಗಿವಿ ಅಂತನ ಅದ, ಯಾರ ಕಿವಿ ಅಂತ ಇಲ್ಲ. ಕಂಪ್ಯೂಟರ್ ಪ್ರೋಗ್ರಾಮಿನಾಗ ಒಂದ ಸಾಲು ಟಿಪ್ಪಣಿ ತಗದ್ರ ಪ್ರೋಗ್ರಾಮು ನಡೀತದ ನೋಡ್ರಿ, ಹಂಗ ಅಂದ್ಕೊಂಡೆ. ಒಬ್ಬಾಕಿಗೆ ಮಾತು ಕೊಟ್ಟಿದ್ದೆ."

"ಯಾರಿಗೆ?"

"ನನಗೂ ಕೇಳಸ್ರಿ ಅದು," ಎಂಬ ದನಿ ಬಂತು. ಪ್ರೇಮಕುಮಾರಿ ಬಾಗಿಲಲ್ಲಿ ನಿಂತಿದ್ದಳು.

ಅವನು ಎದ್ದುನಿಂತ. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಹೇಳಿಬಿಟ್ಟ. ಮದುವೆಗೆ ಮೊದಲಿನ ಮಾತು. ಅವನೂ ಪ್ರೇಮಕುಮಾರಿಯೂ ಕಾಲೇಜಿನಿಂದ ಪರಿಚಯದವರು, ಅದಕ್ಕೇ ನರ್ಸಿಂಗ್ ಹೋಮಿನಲ್ಲಿ ಓಡಾಟವೆಲ್ಲ ಅವನದು. ಹುಡುಗಿಯ ತಾಯಿ ಸರಸಮ್ಮ ಟೈಫಾಯ್ಡ್ ಬಂದು ಮನೆಯಲ್ಲಿ ಮಲಗಿದ್ದರು. ಕಿವಿ ಕೊಯ್ಯಬೇಕೆಂದು ಡಾಕ್ಟರು ಹೇಳಿದಾಗ, ಬುತ್ತಿ ತಂದಿದ್ದ ಹೆಂಗಸು ಅವರ ಕಾಲು ಹಿಡಿದಳು. ಮದುವೆಯಾಗುವ ಹುಡುಗಿಯ ಮೈಮೇಲೆ ಇನ್ನೊಂದು ಗಾಯ ಬೇಡ, ನನ್ನ ಕಿವಿ ತೆಗೆದುಕೊಳ್ಳಿ ಎಂದಳು. ರಕ್ತಸಂಬಂಧವಿದ್ದರೆ ಮಾತ್ರ ಒಗ್ಗುತ್ತದೆ ಎಂದು ಡಾಕ್ಟರು ಹೇಳಿದರು. ಅವಳು ಕೊಡ್ರಿಲ್ಲಿ ಕಾಗದ ಎಂದು ಹೆಬ್ಬೆಟ್ಟು ಒತ್ತಿ, ಯಾರಿಗೂ ಹೇಳಬೇಡ ಎಂದು ಅವನಿಂದ ಮಾತು ತೆಗೆದುಕೊಂಡಳು.

"ಹೆಸರು ಓದು," ಎಂದಳು ಪ್ರೇಮಕುಮಾರಿ.

"ಗಂಗವ್ವ."

"ಗಂಗವ್ವ? ನಮ್ಮನಿ ರೊಟ್ಟಿ ಬಡಿಯೋ ಗಂಗವ್ವ?"

ಅವಳು ಬಾಗಿಲ ಚೌಕಟ್ಟು ಹಿಡಿದಳು. "ಆವಾಗಿಂದ ಎಡಗಿವಿ ಮ್ಯಾಲ ಸೆರಗ ಎಳಕೊಂಡ ಇರ್ತಾಳ ಆಕಿ. ಏನ್ ಗಂಗವ್ವ, ಹೊಸಾ ಮದಲಗಿತ್ತಿ ಆಗೀಯೇನು ಅಂತ ನಾ ಅಣಕಸ್ತಿದ್ದೆ. ಆಕಿನೂ ನಗತಿದ್ಲು."

"ಸಂಬಂಧ ಅಂತ ಇದ್ದಲ್ಲಿ ಏನು ಬರದಾರ?" ನಾನು ಕೇಳಿದೆ.

ಪ್ರಭಂಜನ ಹಾಳೆಯನ್ನು ಹೆಂಡತಿಯ ಕೈಗೇ ಕೊಟ್ಟ. ಅವಳು ಓದಿದಳು.

"ತಾಯಿ."

ಹೊರಗೆ ಹೊಳೆಯಲ್ಲಿ ಒಂದು ದೋಣಿ ಸಾಗಿಹೋದ ಸದ್ದು.

"ನಮ್ಮವ್ವ ಸರಸಮ್ಮ," ಎಂದಳು. "ಆಕಿ ಕಿವಿ ಎರಡೂ ಗಟ್ಟಿ ಅದಾವು. ಪ್ರತಿ ಐತವಾರ ನಾನ ಎಣ್ಣಿ ಹಚ್ಚತಿದ್ದೆ."

"ಡಾಕ್ಟರು ಒಪ್ಪಲಿ ಅಂತ ಗಂಗವ್ವ ಸುಳ್ಳು ಹೇಳಿದ್ಲು, ಅಷ್ಟ," ಎಂದ ಪ್ರಭಂಜನ. "ನಾ ಇವತ್ತಿನತನಾ ಹಂಗ ತಿಳಕೊಂಡೀನಿ."

ಪ್ರೇಮಕುಮಾರಿ ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದಳು.

ಆರು ಗಂಟೆಗೆ ಅನಸೂಯ ಬಂದಳು. ಹಾಳೆ ಓದಿ, ಕೋಟು ಬಿಚ್ಚುವುದನ್ನೂ ಮರೆತು ಕುಳಿತಳು.

"ಎಂಥಾ ಹುಚ್ಚ ಕೆಲಸ! ಬ್ಯಾರೆಯವರ ಮೆದು ಎಲುಬು ಹಂಗ ಇಟ್ರ 'ಇದು ನಂದಲ್ಲ' ಅಂತ ಮೈ ಕರಗಿಸಿ ಬಿಡ್ತೈತಿ. ಹೆತ್ತಾಕಿದಾದ್ರೂ ಅಷ್ಟ. ಅದಕ್ಕ ದಿಂಡ ಕುಸದು ಉಸರ ಕಟ್ಟೈತಿ." ಆಮೇಲೆ ಅವಳ ಮುಖ ಅರಳಿತು. "ಆದ್ರ ತಂಗಿ, ಈಗ ನಿನ್ನ ಎರಡೂ ಕಿವಿ ಪೂರಾ ಅದಾವು. ಎರಡರ ಬಟ್ಟಲ ತಗದು, ಬಾಗಿದ್ದಕ್ಕ ಬಾಗಿದ್ದು ಎದುರಾಬದುರು ಇಟ್ಟು ಹೊಲದ್ರ ನೆಟ್ಟಗಾಗ್ತೈತಿ. ದಿಂಡಿಗೂ ಸಾಲ್ತೈತಿ. ಎದಿ ಕೊಯ್ಯೋದ ಬ್ಯಾಡ!"

ಪ್ರಭಂಜನ ಮುಖ ಮುಚ್ಚಿಕೊಂಡು ಅತ್ತ, ಆಮೇಲೆ ನಕ್ಕ. ಪ್ರೇಮಕುಮಾರಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆ ಸಂಜೆ ನಮ್ಮ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ಶೇಂಗಾ ಚಟ್ನಿ. ಜರ್ಮನಿಯಲ್ಲಿ ನಾನು ಉಂಡ ಊಟಗಳಲ್ಲಿ ಅಷ್ಟು ರುಚಿಯಾದದ್ದು ನೆನಪಿಲ್ಲ. ರೊಟ್ಟಿ ಮುರಿಯುವಾಗ ಮಾತ್ರ ಹುಡುಗಿಯ ಕೈ ಒಂದು ಗಳಿಗೆ ತಡೆಯುತ್ತಿತ್ತು.

"ಡಾಕ್ಟರ," ಎಂದಳು ಊಟದ ಕೊನೆಯಲ್ಲಿ, "ನನ್ನ ಕಿವಿ ಕೊಯ್ಯೋ ಮೊದಲ ಒಮ್ಮೆ ಆಕಿ ಕಿವಿ ನೋಡಿ ಬರ್ತೀನಿ. ಆಕಿ ಏನಾಗಬೇಕು ನನಗ ಅಂತ ಕೇಳಿ ಬರ್ತೀನಿ. ಅಷ್ಟು ದಿನ ಇನ್ನೂ ಕೂತ ನಿದ್ದಿ ಮಾಡ್ತೀನಿ."

ಅನಸೂಯ ಟೆರ್ಮೀನನ್ನು ಏಪ್ರಿಲ್ ಹತ್ತಕ್ಕೆ ಮುಂದೂಡಿದಳು. ಯಾರ ಕಾಲು ಹಿಡಿದಳೋ, ಹೇಗೋ ದೊರಕಿಸಿದಳು.

ಗುರುವಾರ ಮಧ್ಯಾಹ್ನ, ತಾನು ಬರುವ ವಿಷಯ ತಿಳಿಸಲು ಪ್ರೇಮಕುಮಾರಿ ನಮ್ಮ ಮನೆಯಿಂದಲೇ ಗದಗಿಗೆ ಫೋನ್ ಮಾಡಿದಳು. ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದಳು.

"ಅವ್ವಾ, ಗಂಗವ್ವನ ಕರಿ."

"ಎಲ್ಲಿ ಗಂಗವ್ವ?" ಸರಸಮ್ಮನ ದನಿ ದೂರದಿಂದ ಬಂತು. "ಮನಿ ಬಿಟ್ಟು ಹೋದ್ಲವ್ವ. ಮಂಗಳವಾರ ಸಂಜಿ ಐದಕ್ಕ ಆಕಿಗೊಂದು ಫೋನ್ ಬಂತು. ಇಪ್ಪತ್ತೈದು ವರ್ಷದಾಗ ಆಕಿಗೆ ಫೋನ್ ಬಂದದ್ದು ಅದ ಮದಲು. ಯಾರೋ ಹೆಣ್ಮಗಳು, ಕನ್ನಡ ಮಾತಾಡಿದ್ಲು. ಗಂಗವ್ವ ಒಂದ ಮಾತ ಆಡಲಿಲ್ಲ. ಕೇಳಿದ್ಲು, ಕೈ ಹಿಟ್ಟು ತೊಳಕೊಂಡ್ಲು, ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಹೋದ್ಲು."

ಗದಗಿನ ಸಂಜೆ ಐದು ಎಂದರೆ ಇಲ್ಲಿಯ ಮಧ್ಯಾಹ್ನ ಹನ್ನೆರಡೂವರೆ. ಆ ಹೊತ್ತಿಗೆ ಬುಗುಡಿಯ ಮಾತು ತಿಳಿದಿದ್ದವರು ಪರೀಕ್ಷೆಯ ಕೋಣೆಯಲ್ಲಿದ್ದ ನಾವು ನಾಲ್ಕೇ ಜನ. ಪ್ರಭಂಜನ ಆಗ ಇಂಗೋಲ್‌ಸ್ಟಾಟಿನಲ್ಲಿದ್ದ, ಅವನಿಗೆ ಏನೂ ತಿಳಿದಿರಲಿಲ್ಲ. ನಾಲ್ವರಲ್ಲಿ ನಾನೊಬ್ಬ ಗಂಡಸು. ಉಳಿದವರು ಮೂವರು ಹೆಂಗಸರು; ಆ ಬುಗುಡಿ ಗಂಗವ್ವನದೆಂದು ಅವರಲ್ಲಿ ಯಾರಿಗೋ ಮೊದಲೇ ಗೊತ್ತಿತ್ತು. ಆ ಮೂವರಲ್ಲಿ ಒಬ್ಬಳು ನನ್ನ ಮಗಳು.

ಫೋನ್ ಕೆಳಗಿಟ್ಟಾಗ ನಾನು ಯಾರ ಮುಖವನ್ನೂ ನೋಡಲಿಲ್ಲ. ಮೂಗುತಿಯನ್ನು ಅರಳೆಯಲ್ಲಿ ಸುತ್ತಿ ಪ್ರೇಮಕುಮಾರಿಯ ಕೈಗೆ ಕೊಟ್ಟೆ.

ಪ್ರೇಮಕುಮಾರಿ ವಿಮಾನ ಹತ್ತಿದ್ದು ಮಾರ್ಚ್ ಹದಿನೈದು, ಶುಕ್ರವಾರ. ಅವಳು ಹುಡುಕಿ ಹೊರಟ ಗಂಗವ್ವ ಹೊರಟುಹೋದದ್ದು ಮಂಗಳವಾರ.